ಫಾಕ್ಸ್‌ಪ್ರೊ, ಎಕ್ಸೆಲ್, ಎಕ್ಸ್‌ಎಂಎಲ್ ಮೂರನ್ನೂ ಪೋಸ್ಟ್‌ಗ್ರೆಸ್‌ಗೆ ತರಬೇಕು: ಮ್ಯಾಪಿಂಗ್ ಎಲ್ಲಿಂದ ಶುರು ಮಾಡಲಿ?

ಬಿಡಿಭಾಗ_ಲೆಕ್ಕ

ಎಲ್ಲರಿಗೂ ನಮಸ್ಕಾರ. ಯಂತ್ರದ ಬಿಡಿಭಾಗಗಳ ದಾಸ್ತಾನು ಲೆಕ್ಕ ಇಡುವ ಒಂದು ಹಳೇ ಸಾಫ್ಟ್‌ವೇರ್ ನಿಲ್ಲಿಸಿ ಹೊಸದಕ್ಕೆ ಹೋಗುವ ಕೆಲಸ ನನ್ನ ತಲೆ ಮೇಲೆ ಬಿದ್ದಿದೆ. ಡೇಟಾ ಮೂರು ಕಡೆ ಚದುರಿದೆ. ಮುಖ್ಯ ಲೆಕ್ಕ ಫಾಕ್ಸ್‌ಪ್ರೊ ಅನ್ನುವ ಹಳೇ ಡೇಟಾಬೇಸ್ ಕಾಲದ ಡಿಬಿಎಫ್ ಫೈಲುಗಳಲ್ಲಿದೆ. ಅದರ ಜೊತೆಗೆ ಒಂದೊಂದು ವಿಭಾಗದವರು ತಮಗೆ ತೋಚಿದಂತೆ ಮಾಡಿಕೊಂಡ ಎಕ್ಸೆಲ್ ಶೀಟುಗಳಿವೆ. ಪೂರೈಕೆದಾರರ ಬೆಲೆಪಟ್ಟಿ ಎಕ್ಸ್‌ಎಂಎಲ್‌ನಲ್ಲಿ ಬರುತ್ತದೆ. ಇವೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದೇ ಸ್ಕೀಮಾಗೆ (ಟೇಬಲ್‌ಗಳ ವಿನ್ಯಾಸಕ್ಕೆ) ಇಳಿಯಬೇಕು.

ಪ್ರಯೋಗಕ್ಕೆಂದು ಒಂದು ಉಚಿತ ಕನ್ವರ್ಟರ್‌ನಿಂದ ಡಿಬಿಎಫ್ ಅನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯದ ಫೈಲ್) ಮಾಡಿದೆವು. ಅದನ್ನು ಎಕ್ಸೆಲ್‌ನಲ್ಲಿ ತೆರೆದು, ಸ್ವಲ್ಪ ಒಪ್ಪ ಮಾಡಿ, ಮತ್ತೆ ಸೇವ್ ಮಾಡಿ ಪೋಸ್ಟ್‌ಗ್ರೆಸ್‌ಗೆ ಹಾಕಿ ನೋಡಿದೆವು. ದಾಸ್ತಾನಿನ ಒಟ್ಟು ಹಳೇ ವರದಿಗಿಂತ ಜಾಸ್ತಿ ಬರುತ್ತಿದೆ. 004512 ಅನ್ನುವ ಕೋಡ್ 4512 ಆಗಿದೆ. ಕೆಲವು ತಾರೀಖುಗಳಲ್ಲಿ ದಿನ, ತಿಂಗಳು ಅದಲುಬದಲು.

ಗೆರೆ ಎಳೆದು ಕಾಲಂಗೆ ಕಾಲಂ ಜೋಡಿಸುವ ಮ್ಯಾಪಿಂಗ್ ಟೂಲ್ ತಗೊಂಡರೆ ಇದೆಲ್ಲ ಸರಿಹೋಗುತ್ತದಾ? ಇಲ್ಲಾ ಪೈಥಾನ್‌ನಲ್ಲಿ ಬರೆಯುವುದೇ ವಾಸಿನಾ?

ಸಾಲು_ಕಾಲಂ

ಮೊದಲು ಎಕ್ಸೆಲ್ ಅನ್ನು ಮಧ್ಯದಿಂದ ತೆಗೆಯಿರಿ. ಉಳಿದದ್ದು ಆಮೇಲೆ.

ಹಳೇ_ಫಾಕ್ಸ್

ಒಟ್ಟು ಜಾಸ್ತಿ ಬರುತ್ತಿದೆ ಅಂದರೆ ನನ್ನ ಮೊದಲ ಅನುಮಾನ ಅಳಿಸಿದ ಸಾಲುಗಳ ಮೇಲೆ. ಡಿಬಿಎಫ್‌ನಲ್ಲಿ ಡಿಲೀಟ್ ಮಾಡಿದರೆ ಸಾಲು ಎಲ್ಲೂ ಹೋಗುವುದಿಲ್ಲ. ಪ್ರತಿ ದಾಖಲೆಯ ಮೊದಲ ಬೈಟ್ ಒಂದು ಗುರುತು. ಅಲ್ಲಿ ಖಾಲಿ ಜಾಗ ಇದ್ದರೆ ಚಾಲ್ತಿಯಲ್ಲಿರುವ ಸಾಲು. ನಕ್ಷತ್ರ ಚಿಹ್ನೆ ಇದ್ದರೆ ಅಳಿಸಿದ್ದು. ಯಾರಾದರೂ ಪ್ಯಾಕ್ ಆಜ್ಞೆ ಕೊಡುವವರೆಗೆ ಅದು ಫೈಲಿನಲ್ಲೇ ಕೂತಿರುತ್ತದೆ. ಹಳೇ ಸಾಫ್ಟ್‌ವೇರ್ ‘ಸೆಟ್ ಡಿಲೀಟೆಡ್ ಆನ್’ ಮಾಡಿಕೊಂಡು ಓದುತ್ತಿದ್ದರೆ ವರದಿಯಲ್ಲಿ ಅವು ಕಾಣುವುದಿಲ್ಲ. ಆ ಬೈಟ್ ನೋಡದ ಕನ್ವರ್ಟರ್ ಮಾತ್ರ ಎಲ್ಲವನ್ನೂ ಎತ್ತಿಕೊಂಡು ಬರುತ್ತದೆ. ಪೈಥಾನ್‌ನ ಡಿಬಿಎಫ್‌ರೀಡ್ ಲೈಬ್ರರಿ ಅಳಿಸಿದ್ದನ್ನು ಬೇರೆಯಾಗಿಯೇ ಕೊಡುತ್ತದೆ. ಎರಡನ್ನೂ ಎಣಿಸಿ ನೋಡಿ.

ಇನ್ನೂ ಕೆಲವು ನೋಡಿಕೊಳ್ಳಿ. ಅಲ್ಲಿ ಕಾಲಂ ಹೆಸರು 10 ಅಕ್ಷರಕ್ಕಿಂತ ಉದ್ದ ಇರುವುದಿಲ್ಲ. ಹಾಗಾಗಿ ಹೆಸರು ನೋಡಿ ಅರ್ಥ ಊಹಿಸಬೇಡಿ. ಸಾಮಾನ್ಯ ನ್ಯೂಮರಿಕ್ ಕಾಲಂ ಒಳಗೆ ಅಂಕಿಗಳು ಪಠ್ಯವಾಗಿಯೇ ಇರುತ್ತವೆ. ಕಾಲಂನ ಅಗಲಕ್ಕೆ ಹಿಡಿಯದ ಸಂಖ್ಯೆ ಬಂದರೆ ಪೂರ್ತಿ ನಕ್ಷತ್ರಗಳೇ ತುಂಬಿರುತ್ತವೆ, ಅದನ್ನು ಸಂಖ್ಯೆ ಅಂತ ಓದಲು ಹೋದರೆ ಲೋಡ್ ಅಲ್ಲೇ ನಿಲ್ಲುತ್ತದೆ. ಖಾಲಿ ಬಿಟ್ಟ ಸಂಖ್ಯೆಯೂ ಸೊನ್ನೆಯೂ ಫೈಲಿನಲ್ಲಿ ಬೇರೆ ಬೇರೆ. ಆದರೆ ಫಾಕ್ಸ್‌ಪ್ರೊ ಲೆಕ್ಕ ಮಾಡುವಾಗ ಎರಡನ್ನೂ ಸೊನ್ನೆ ಅಂತಲೇ ಹಿಡಿಯುತ್ತದೆ. ಮೆಮೊ ಕಾಲಂ ಇದ್ದರೆ ಅದರ ಪಠ್ಯ ಪಕ್ಕದ ಎಫ್‌ಪಿಟಿ ಫೈಲಿನಲ್ಲಿರುತ್ತದೆ. ಡಿಬಿಎಫ್ ಒಂದನ್ನೇ ಕಾಪಿ ಮಾಡಿ ತಂದರೆ ಟಿಪ್ಪಣಿಗಳೆಲ್ಲ ಅಲ್ಲೇ ಉಳಿದುಬಿಡುತ್ತವೆ.

ರಮ್ಯಾ_ಕ್ವೆರಿ

ಸೊನ್ನೆ ಹೋದದ್ದಕ್ಕೆ ಎಕ್ಸೆಲ್ಲೇ ಕಾರಣ. ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆದ ತಕ್ಷಣ ಅದು ಪ್ರತಿ ಕೋಶದಲ್ಲಿ ಏನಿರಬಹುದು ಅಂತ ಊಹೆ ಮಾಡುತ್ತದೆ. 004512 ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ತೆಗೆಯುತ್ತದೆ. 2ಇ10 ಅನ್ನುವ ಬಿಡಿಭಾಗದ ಕೋಡ್ ಇದ್ದರೆ ಎರಡರ ಮುಂದೆ ಹತ್ತು ಸೊನ್ನೆ ಹಾಕಿದ ಸಂಖ್ಯೆ ಮಾಡುತ್ತದೆ. 10-12 ಇದ್ದರೆ ತಾರೀಖು. 15 ಅಂಕಿಗಿಂತ ಉದ್ದದ ಸಂಖ್ಯೆಯಲ್ಲಿ 16ನೇ ಅಂಕಿಯಿಂದ ಮುಂದೆ ಬರೀ ಸೊನ್ನೆ. ಸೇವ್ ಮಾಡಿದಿರೋ, ಮೂಲ ಹೋಯಿತು. ಕಾಲಂ ಅನ್ನು ಆಮೇಲೆ ಟೆಕ್ಸ್ಟ್ ಮಾಡಿದರೂ ವಾಪಸ್ ಬರಲ್ಲ.

ಇದು ಸಣ್ಣ ಕಾಟ ಅಲ್ಲ. ಮನುಷ್ಯನ ಜೀನ್‌ಗಳಿಗೆ ಹೆಸರು ಕೊಡುವ ಸಮಿತಿ 2020ರಲ್ಲಿ ಹೊಸ ಮಾರ್ಗಸೂಚಿ ತಂದಾಗ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಮಾರ್ಚ್1 ಅನ್ನುವುದು ಮಾರ್ಚ್‌ಎಫ್1 ಆಯಿತು, ಸೆಪ್ಟ್1 ಅನ್ನುವುದು ಸೆಪ್ಟಿನ್1 ಆಯಿತು. ಎಕ್ಸೆಲ್ ಅವನ್ನು ತಾರೀಖು ಮಾಡಿಬಿಡುತ್ತಿತ್ತು.

ಸಾಲು_ಕಾಲಂ

ಅದೇ ವರ್ಷ ಇಂಗ್ಲೆಂಡಿನಲ್ಲಿ ಆದದ್ದನ್ನೂ ಸೇರಿಸಿ. ಕೋವಿಡ್ ಪಾಸಿಟಿವ್ ಬಂದ 15,841 ಪ್ರಕರಣಗಳು ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ದೈನಿಕ ಲೆಕ್ಕದಲ್ಲಿ ಸೇರಲೇ ಇಲ್ಲ. ಸಿಎಸ್‌ವಿಯಲ್ಲಿ ಬಂದದ್ದನ್ನು ಹಳೇ ಎಕ್ಸ್‌ಎಲ್‌ಎಸ್ ಫೈಲಿಗೆ ಹಾಕುತ್ತಿದ್ದರು. ಅದರಲ್ಲಿ ಹಿಡಿಯುವುದು 65,536 ಸಾಲು ಮಾತ್ರ. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. ಮಿಕ್ಕ ಸಾಲುಗಳು ಬಿದ್ದುಹೋದವು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು.

ಶೀಟ್_ಸುರೇಶ

ಎಲ್ಲಾ ಎಕ್ಸೆಲ್ ಮೇಲೆ ಗೂಬೆ ಕೂರಿಸಬೇಡಿ ಸ್ವಾಮಿ. ಡೇಟಾ ಗೊತ್ತಿರುವ ಜನ ಕೆಲಸ ಮಾಡುವುದು ಅಲ್ಲೇ. ಎಕ್ಸೆಲ್‌ನೊಳಗೇ ಇರುವ ಪವರ್ ಕ್ವೆರಿಯಲ್ಲಿ ಫೈಲ್ ತೆರೆದು, ಅದು ತಾನಾಗೇ ಹಾಕುವ ‘ಚೇಂಜ್ಡ್ ಟೈಪ್’ ಹಂತ ತೆಗೆದು ಎಲ್ಲಾ ಕಾಲಂ ಟೆಕ್ಸ್ಟ್ ಅಂತ ಇಟ್ಟರೆ ಒಂದು ಸೊನ್ನೆಯೂ ಹೋಗಲ್ಲ. ಉಪಕರಣ ಬೈಯುವ ಮೊದಲು ಬಳಸುವುದನ್ನು ಕಲಿಯಬೇಕು.

ರಮ್ಯಾ_ಕ್ವೆರಿ

ಸುರೇಶಣ್ಣ, ಪವರ್ ಕ್ವೆರಿ ಬಗ್ಗೆ ಒಪ್ಪುತ್ತೇನೆ. ಆದರೆ ಹತ್ತು ಕೈ ದಾಟಿ ಬರುವ ಫೈಲಿನಲ್ಲಿ ಒಬ್ಬರು ಡಬಲ್ ಕ್ಲಿಕ್ ಮಾಡಿ ಸೇವ್ ಒತ್ತಿದರೂ ಸಾಕು. ಅದಕ್ಕೇ ಎಕ್ಸೆಲ್ ಮೂಲದಲ್ಲಿರಲಿ, ಕೊನೆಯಲ್ಲಿ ನೋಡುವುದಕ್ಕೂ ಇರಲಿ. ಮಧ್ಯದ ದಾರಿಯಲ್ಲಿ ಬೇಡ.

ಶೀಟ್_ಸುರೇಶ

ಅದು ಸರಿ. ಅಷ್ಟಕ್ಕೆ ಜಗಳ ಇಲ್ಲ.

ಶಾರದಾ_ಸ್ಕೀಮಾ

ಟೂಲ್ ಬಗ್ಗೆ ಕೇಳಿದ್ದೀರಿ, ಅದಕ್ಕಿಂತ ಮೊದಲು ಬರುವ ಕೆಲಸದ ಬಗ್ಗೆ ಹೇಳುತ್ತೇನೆ. ಇದನ್ನು ಬಿಟ್ಟವರೇ ಆಮೇಲೆ ತಿಂಗಳುಗಟ್ಟಲೆ ಒದ್ದಾಡುವುದು.

ನಿಮ್ಮ ಡಿಬಿಎಫ್‌ನಲ್ಲಿ ‘ಸ್ಟ್ಯಾಟ್’ ಅಂತ ಒಂದು ಕಾಲಂ ಇದೆ ಅಂದುಕೊಳ್ಳಿ. ಹೊಸ ಸ್ಕೀಮಾದಲ್ಲಿ ‘ಸ್ಥಿತಿ’ ಅಂತ ಒಂದು ಇದೆ. ಯಾವ ಟೂಲ್‌ನಲ್ಲಾದರೂ ಇದರಿಂದ ಅದಕ್ಕೆ ಗೆರೆ ಎಳೆಯುವುದು ಅರ್ಧ ನಿಮಿಷದ ಕೆಲಸ. ಈಗ ಆ ಕಾಲಂನಲ್ಲಿ ಯಾವ ಯಾವ ಮೌಲ್ಯಗಳಿವೆ, ಒಂದೊಂದು ಎಷ್ಟು ಸಲ ಬಂದಿದೆ ಅಂತ ಎಣಿಸಿ ನೋಡಿ. ಎ ಇರುತ್ತದೆ, ಐ ಇರುತ್ತದೆ. ಸಣ್ಣಕ್ಷರದ ಎ ಕೂಡ ಇರುತ್ತದೆ. ಖಾಲಿ ಇರುತ್ತದೆ. ಎಲ್ಲೋ ನಾಲ್ಕು ಸಾಲಿನಲ್ಲಿ ಎಕ್ಸ್ ಇರುತ್ತದೆ. ಎಕ್ಸ್ ಅಂದರೇನು? ಹಾಳಾದ ಮಾಲಾ, ವಾಪಸ್ ಕಳಿಸಿದ್ದಾ, ಯಾರೋ ಪರೀಕ್ಷೆಗೆ ಹಾಕಿದ ಸಾಲಾ? ಯಾವ ಸಾಫ್ಟ್‌ವೇರೂ ಇದನ್ನು ಹೇಳಲ್ಲ. ಉಗ್ರಾಣ ನೋಡಿಕೊಳ್ಳುವವರನ್ನು ಕೇಳಿ ಬರಬೇಕು. ಆ ಉತ್ತರವೇ ಮ್ಯಾಪಿಂಗ್. ಗೆರೆ ಅಲ್ಲ.

ನಾನು ಒಂದು ಹಾಳೆ ಇಟ್ಟುಕೊಳ್ಳುತ್ತೇನೆ. ಗುರಿ ಟೇಬಲ್‌ನ ಪ್ರತಿ ಕಾಲಂಗೆ ಒಂದು ಸಾಲು. ಎಲ್ಲಿಂದ ಬರುತ್ತದೆ, ಯಾವ ನಿಯಮದಿಂದ ಬದಲಾಗುತ್ತದೆ, ಮೂಲ ಖಾಲಿ ಇದ್ದರೆ ಏನು ಮಾಡಬೇಕು, ಈ ತೀರ್ಮಾನ ಯಾರದ್ದು, ಯಾವತ್ತು. ಕೊನೆಯ ಎರಡನ್ನು ಜನ ಬಿಟ್ಟುಬಿಡುತ್ತಾರೆ. ವರ್ಷ ಕಳೆದ ಮೇಲೆ ಬೇಕಾಗುವುದು ಅವೇ. ಗುರಿ ಕಡೆಯಿಂದ ಬರೆಯಿರಿ, ಮೂಲದ ಕಡೆಯಿಂದ ಅಲ್ಲ. ಮೂಲದಿಂದ ಶುರು ಮಾಡಿದರೆ ಯಾರಿಗೂ ಬೇಡದ ಕಾಲಂಗಳಿಗೂ ಜಾಗ ಹುಡುಕುತ್ತಾ ಕೂರುತ್ತೀರಿ.

ಇನ್ನೊಂದು. ಹಳೇ ಟೇಬಲ್‌ಗಳಲ್ಲಿ ಪೂರೈಕೆದಾರ1, ಪೂರೈಕೆದಾರ2, ಪೂರೈಕೆದಾರ3 ಅಂತ ಮೂರು ಕಾಲಂ ಇರುತ್ತವೆ. ಹೊಸದರಲ್ಲಿ ಅದು ಬೇರೆ ಟೇಬಲ್ ಆಗಿ, ಒಂದು ಸಾಲು ಮೂರು ಸಾಲಾಗುತ್ತದೆ. ಎರಡನೆಯದು ಖಾಲಿ, ಮೂರನೆಯದು ತುಂಬಿದ್ದರೆ ಆದ್ಯತೆಯ ಕ್ರಮ ಏನು ಅನ್ನುವುದನ್ನೂ ಹಾಳೆಯಲ್ಲಿ ಬರೆಯಿರಿ.

ಗಿಟ್_ಗಿರೀಶ

ಹಾಳೆ ಬರೆದಿಡುವುದು ಚೆಂದ ಮೇಡಂ, ಆದರೆ ಮೂರನೇ ವಾರಕ್ಕೆ ಹಾಳೆ ಒಂದು ಹೇಳುತ್ತದೆ, ಕೋಡ್ ಇನ್ನೊಂದು ಮಾಡುತ್ತದೆ. ಕೋಡೇ ಮ್ಯಾಪಿಂಗ್. ಅದನ್ನೇ ಓದುವ ಹಾಗೆ ಬರೆಯಬೇಕು.

ಶಾರದಾ_ಸ್ಕೀಮಾ

ಉಗ್ರಾಣದವರು ನಿಮ್ಮ ಕೋಡ್ ಓದುತ್ತಾರಾ ಗಿರೀಶ್? ತೀರ್ಮಾನ ಅವರದ್ದು. ಅವರು ಓದಿ ಸರಿ ಅನ್ನಬೇಕಾದರೆ ಹಾಳೆಯೇ ಬೇಕು.

ಗಿಟ್_ಗಿರೀಶ

ಹಾಗಾದರೆ ಮೌಲ್ಯಗಳ ಮ್ಯಾಪಿಂಗ್ ಅನ್ನು ಕೋಡಿನೊಳಗೆ ಕೇಸ್-ವೆನ್ ಷರತ್ತುಗಳಾಗಿ ಬರೆಯದೆ ಒಂದು ಟೇಬಲ್‌ನಲ್ಲಿ ಇಡಿ. ಮೂಲ, ಕಾಲಂ, ಹಳೇ ಮೌಲ್ಯ, ಹೊಸ ಮೌಲ್ಯ. ಕೋಡ್ ಆ ಟೇಬಲ್ ಜೊತೆ ಜಾಯಿನ್ ಮಾಡುತ್ತದೆ, ಉಗ್ರಾಣದವರಿಗೆ ತೋರಿಸುವುದೂ ಅದನ್ನೇ. ಪಟ್ಟಿಯಲ್ಲಿಲ್ಲದ ಮೌಲ್ಯ ಬಂದರೆ ಸಾಲು ಪಕ್ಕಕ್ಕೆ ಹೋಗಲಿ. ಸುಮ್ನೆ ‘ಇತರೆ’ ಅಂತ ತುಂಬಬೇಡಿ.

ಶಾರದಾ_ಸ್ಕೀಮಾ

ಇದು ಒಳ್ಳೆಯದು. ಒಪ್ಪಿದೆ.

ಡಬ್ಬಿ_ಗೆರೆ

ಯಾರೂ ಟೂಲ್ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಅಲ್ವಾ, ನಾನು ಕೊಡುತ್ತೇನೆ. ಆಲ್ಟೋವಾ ಮ್ಯಾಪ್‌ಫೋರ್ಸ್ ಥರದ್ದರಲ್ಲಿ ಎಡಕ್ಕೆ ಮೂಲ, ಬಲಕ್ಕೆ ಗುರಿ ಇಟ್ಟು ನಡುವೆ ಫಂಕ್ಷನ್ ಡಬ್ಬಿಗಳ ಮೂಲಕ ಗೆರೆ ಎಳೆಯಬಹುದು. ಎಕ್ಸ್‌ಎಂಎಲ್ ತುಂಬಾ ಆಳವಾಗಿ ಒಂದರೊಳಗೊಂದು ಇದ್ದರೆ ಇದು ನಿಜವಾಗಿ ಸಹಾಯ ಮಾಡುತ್ತದೆ. ಪೆಂಟಾಹೊ, ಅಪಾಚೆ ನೈಫೈ, ಮೈಕ್ರೋಸಾಫ್ಟ್‌ನ ಎಸ್‌ಎಸ್‌ಐಎಸ್ ಇವೂ ಇವೆ. ಟ್ಯಾಲೆಂಡ್‌ನ ಉಚಿತ ಓಪನ್ ಸ್ಟುಡಿಯೊ ಅಂತ ಹಳೇ ಲೇಖನಗಳಲ್ಲಿ ಓದಿದರೆ ಅದರ ಹಿಂದೆ ಹೋಗಬೇಡಿ, 2024ರ ಜನವರಿ ಕೊನೆಗೆ ಅದನ್ನು ನಿಲ್ಲಿಸಿದರು.

ಪ್ರತಿ ತಿಂಗಳು ಓಡಬೇಕಾದ ಕೆಲಸಕ್ಕೆ, ಕೋಡ್ ಬರೆಯದವರೂ ನೋಡಿಕೊಳ್ಳಬೇಕಾದ ಕಡೆ ಡಬ್ಬಿ-ಗೆರೆ ಟೂಲ್ ಒಳ್ಳೆಯದು. ಒಮ್ಮೆ ಮಾತ್ರ ನಡೆಯುವ ವಲಸೆಗೆ ಅಷ್ಟು ದೊಡ್ಡದು ಬೇಡ.

ಗಿಟ್_ಗಿರೀಶ

‘ಒಮ್ಮೆ ಮಾತ್ರ’ ಅನ್ನುವ ವಲಸೆ ಯಾವತ್ತೂ ಒಮ್ಮೆಗೆ ಮುಗಿಯಲ್ಲ. ಹೊಸದು ಸಿದ್ಧ ಆಗುವವರೆಗೆ ಹಳೇ ಸಾಫ್ಟ್‌ವೇರ್ ಓಡುತ್ತಲೇ ಇರುತ್ತದೆ, ಡೇಟಾ ಬದಲಾಗುತ್ತಲೇ ಇರುತ್ತದೆ. ಅದಕ್ಕೇ ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ ಓಡಿಸಿದರೆ ಅದೇ ಫಲಿತಾಂಶ ಬರಬೇಕು. ನಡುವೆ ಯಾರೂ ಕೈಯಲ್ಲಿ ತಿದ್ದಬಾರದು. ತಿದ್ದುಪಡಿ ಬೇಕಾದರೆ ಅದೂ ಒಂದು ಟೇಬಲ್ ಆಗಿ ಒಳಗೆ ಬರಲಿ.

ನನ್ನ ಆಯ್ಕೆ ಸರಳ. ಪೋಸ್ಟ್‌ಗ್ರೆಸ್‌ನಲ್ಲೇ ಒಂದು ಸ್ಟೇಜಿಂಗ್ ಸ್ಕೀಮಾ, ಅಂದರೆ ಡೇಟಾವನ್ನು ಮೊದಲು ಇದ್ದಂತೆ ಇಳಿಸುವ ಜಾಗ. ಅಲ್ಲಿ ಎಲ್ಲಾ ಕಾಲಂ ಟೆಕ್ಸ್ಟ್. ಜೊತೆಗೆ ಯಾವ ಫೈಲಿಂದ ಬಂತು, ಎಷ್ಟನೇ ಸಾಲು ಅನ್ನುವ ಎರಡು ಕಾಲಂ. ಆಮೇಲೆ ಪರಿವರ್ತನೆ ಎಲ್ಲಾ ಎಸ್‌ಕ್ಯೂಎಲ್‌ನಲ್ಲಿ. ನೇರವಾಗಿ ಇಂಟೀಜರ್, ಡೇಟ್ ಕಾಲಂಗಳಿಗೆ ಕಾಪಿ ಮಾಡಲು ಹೋದರೆ ಒಂದು ಕೆಟ್ಟ ಸಾಲಿಗೆ ಇಡೀ ಲೋಡ್ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್ 17ರಲ್ಲಿ ಅಂಥ ಸಾಲನ್ನು ಬಿಟ್ಟು ಮುಂದೆ ಹೋಗುವ ಆಯ್ಕೆ ಬಂದಿದೆ. ಆದರೆ ಬಿಟ್ಟ ಸಾಲು ಎಲ್ಲಿ ಹೋಯಿತು ಅಂತ ನನಗೆ ಬೇಕು.

ಮೇನ್‌ಫ್ರೇಮ್_ಮೂರ್ತಿ

ಎಲ್ಲಾ ಟೆಕ್ಸ್ಟ್ ಆಗಿ ತನ್ನಿ ಅನ್ನುವುದಕ್ಕೆ ಒಂದು ದೊಡ್ಡ ಎಚ್ಚರಿಕೆ. ಡಿಬಿಎಫ್‌ಗೆ ಅದು ನಡೆಯುತ್ತದೆ. ಹಳೇ ದೊಡ್ಡ ಕಂಪ್ಯೂಟರಿನ (ಮೇನ್‌ಫ್ರೇಮ್) ಕೋಬಾಲ್ ಫೈಲ್ ಬಂದರೆ ನಡೆಯಲ್ಲ.

ಮೇನ್‌ಫ್ರೇಮ್ ಫೈಲಿನಲ್ಲಿ ಪಠ್ಯ ಎಬ್ಸಿಡಿಕ್ ಅನ್ನುವ ಅಕ್ಷರ ಸಂಕೇತದಲ್ಲಿರುತ್ತದೆ. ಮೊತ್ತಗಳು ಹೆಚ್ಚಾಗಿ ಕಾಂಪ್-3, ಅಂದರೆ ಪ್ಯಾಕ್ಡ್ ಡೆಸಿಮಲ್. ಒಂದು ಬೈಟ್‌ನಲ್ಲಿ ಎರಡು ಅಂಕಿ, ಕೊನೆಯ ಅರ್ಧ ಬೈಟ್ ಚಿಹ್ನೆ. 12345 ಅನ್ನುವುದು ಮೂರು ಬೈಟ್: 12, 34, 5ಸಿ. ಆ ಸಿ ಅಂದರೆ ಧನ, ಡಿ ಅಂದರೆ ಋಣ. ಈಗ ಯಾರೋ ಇಡೀ ಫೈಲನ್ನು ಎಬ್ಸಿಡಿಕ್‌ನಿಂದ ಆಸ್ಕಿ ಅನ್ನುವ ಇನ್ನೊಂದು ಸಂಕೇತಕ್ಕೆ ಒಟ್ಟಿಗೆ ಬದಲಾಯಿಸುತ್ತಾರೆ. ಎಬ್ಸಿಡಿಕ್‌ನಲ್ಲಿ 5ಸಿ ನಕ್ಷತ್ರ ಚಿಹ್ನೆ. ಆಸ್ಕಿಯಲ್ಲಿ ನಕ್ಷತ್ರ 2ಎ. ಹಾಗಾಗಿ ಕೊನೆಯ ಬೈಟ್ 2ಎ ಆಗುತ್ತದೆ. ಐದು ಹೋಗಿ ಎರಡು ಬಂತು. ಚಿಹ್ನೆಯ ಜಾಗದಲ್ಲಿ ಎ ಇದ್ದರೂ ಅದನ್ನು ಧನ ಅಂತಲೇ ಒಪ್ಪುತ್ತಾರೆ. ಎಲ್ಲೂ ಎರರ್ ಬರಲ್ಲ, ಮೊತ್ತ ಮಾತ್ರ ತಪ್ಪು.

ಕಾಪಿಬುಕ್ (ಫೈಲಿನ ಕಾಲಂಗಳ ವಿವರಣೆ) ನೋಡಿ, ಕಾಲಂ ಕಾಲಂ ಆಗಿ ಬಿಡಿಸಬೇಕು. ಪಠ್ಯದ ಕಾಲಂಗೆ ಮಾತ್ರ ಅಕ್ಷರ ಸಂಕೇತದ ಬದಲಾವಣೆ.

ಹಳೇ_ಫಾಕ್ಸ್

ಮೂರ್ತಿ ಸರ್, ನಮ್ಮ ಕಡೆಯೂ ಇದೆ ಇದು. ವಿಷುಯಲ್ ಫಾಕ್ಸ್‌ಪ್ರೊದ ಇಂಟೀಜರ್, ಕರೆನ್ಸಿ ಕಾಲಂಗಳು ಬೈನರಿ. ಕಾಲಂ ಟೈಪ್ ನೋಡದೆ ಓದಬಾರದು.

ತಾರೀಖು_ತಾರಾ

ದಿನ-ತಿಂಗಳು ಅದಲುಬದಲಾದ ವಿಷಯಕ್ಕೆ ಬರುತ್ತೇನೆ. ಡಿಬಿಎಫ್‌ನಲ್ಲಿ ತಾರೀಖು ಎಂಟು ಅಂಕಿ, ವರ್ಷ ತಿಂಗಳು ದಿನ ಅನ್ನುವ ಕ್ರಮದಲ್ಲಿ. ಅಲ್ಲಿ ಗೊಂದಲವೇ ಇಲ್ಲ. ಅಂದರೆ ನಿಮ್ಮ ದಾರಿಯಲ್ಲಿ ಯಾರೋ ಅದನ್ನು 05/03 ಮಾಡಿ, ಇನ್ಯಾರೋ ಅದನ್ನು ಬೇರೆ ಥರ ಓದಿದ್ದಾರೆ. ದಿನ 12 ದಾಟಿದ ಸಾಲುಗಳು ಸರಿಯಿದ್ದು, 12ರ ಒಳಗಿನವು ಮಾತ್ರ ತಿರುಗಿದ್ದರೆ ಇದೇ ಕಾರಣ. ಅರ್ಧ ಸರಿ, ಅರ್ಧ ತಪ್ಪು ಇರುವುದೇ ಇದರ ಕೆಟ್ಟ ಗುಣ.

ಎಕ್ಸೆಲ್ ಶೀಟುಗಳಲ್ಲಿ ತಾರೀಖು ಅಂದರೆ ಒಳಗಡೆ ಒಂದು ಸಂಖ್ಯೆ. ಅದರ ಪ್ರಕಾರ 60ನೇ ದಿನ 1900ರ ಫೆಬ್ರವರಿ 29. ಆ ದಿನ ಇರಲೇ ಇಲ್ಲ. ಲೋಟಸ್ 1-2-3ರಲ್ಲಿದ್ದ ದೋಷವನ್ನು ಹೊಂದಾಣಿಕೆಗೆಂದು ಹಾಗೇ ಉಳಿಸಿಕೊಂಡರು. ಅದಕ್ಕೇ ಸಂಖ್ಯೆಯನ್ನು ತಾರೀಖು ಮಾಡುವಾಗ 1899ರ ಡಿಸೆಂಬರ್ 30ರಿಂದ ಎಣಿಸುವುದು. 1900ರ ಮಾರ್ಚ್ 1ರಿಂದ ಮುಂದೆ ಅದು ಸರಿಹೊಂದುತ್ತದೆ. ಹಳೇ ಮ್ಯಾಕ್‌ನಲ್ಲಿ ಮಾಡಿದ ಶೀಟ್ ಇದ್ದರೆ ಎಣಿಕೆ 1904ರಿಂದ ಶುರುವಾಗಿರಬಹುದು. ಆಗ ಎಲ್ಲಾ ತಾರೀಖೂ 1,462 ದಿನ ಹಿಂದೆ ಬೀಳುತ್ತದೆ. ಯಾವ ಪದ್ಧತಿ ಅನ್ನುವ ಗುರುತು ಫೈಲಿನೊಳಗೇ ಇರುತ್ತದೆ.

ಎರಡಂಕಿಯ ವರ್ಷ ಇದ್ದರೆ ಇನ್ನೂ ಹುಷಾರು. ಪೈಥಾನ್ 69ರಿಂದ 99ರವರೆಗೆ 1900ರ ದಶಕಗಳು, 68ರವರೆಗೆ 2000ದ ದಶಕಗಳು ಅಂತ ಹಿಡಿಯುತ್ತದೆ. ಎಕ್ಸೆಲ್ ಬಹಳ ಕಾಲ ಗೆರೆ ಎಳೆಯುತ್ತಿದ್ದದ್ದು 29ಕ್ಕೆ. ಅದೇ ‘45’ ಒಂದರಲ್ಲಿ 2045, ಇನ್ನೊಂದರಲ್ಲಿ 1945 ಆಗಬಹುದು.

ರಮ್ಯಾ_ಕ್ವೆರಿ

1,462 ಯಾಕೆ ಅಂತ ಯಾರಾದರೂ ಕೇಳುವ ಮೊದಲು: ನಾಲ್ಕು ವರ್ಷ, ಒಂದು ದಿನ. ಇಲ್ಲದ ಆ ಫೆಬ್ರವರಿ 29 ಕೂಡ ಅದರಲ್ಲಿ ಸೇರಿದೆ.

ಖಾಲಿ_ಕೋಶ

ಖಾಲಿ ಮೌಲ್ಯದ ಬಗ್ಗೆ ಇನ್ನೂ ಜಾಸ್ತಿ ಮಾತಾಡಬೇಕು. ಸಿಎಸ್‌ವಿಗೆ ನಲ್ (ಮೌಲ್ಯವೇ ಇಲ್ಲ ಅನ್ನುವ ಗುರುತು) ಅನ್ನುವುದೇ ಗೊತ್ತಿಲ್ಲ. 2005ರಲ್ಲಿ ಬಂದ ಸಿಎಸ್‌ವಿ ವಿವರಣೆಯ ದಾಖಲೆ ಆರ್‌ಎಫ್‌ಸಿ 4180 ಅಲ್ಪವಿರಾಮ, ಉದ್ಧರಣ ಚಿಹ್ನೆ, ಸಾಲು ಮುರಿಯುವುದು ಇವನ್ನೆಲ್ಲ ಹೇಳುತ್ತದೆ. ನಲ್ ಹೇಗೆ ಬರೆಯಬೇಕು ಅಂತ ಹೇಳುವುದಿಲ್ಲ. ಹಾಗಾಗಿ ಪ್ರತಿ ಡೇಟಾಬೇಸ್ ತನ್ನದೇ ದಾರಿ ಮಾಡಿಕೊಂಡಿದೆ. ಪೋಸ್ಟ್‌ಗ್ರೆಸ್ ಸಿಎಸ್‌ವಿ ಓದುವಾಗ ಎರಡು ಅಲ್ಪವಿರಾಮದ ನಡುವೆ ಏನೂ ಇಲ್ಲದಿದ್ದರೆ ನಲ್, ಖಾಲಿ ಉದ್ಧರಣ ಚಿಹ್ನೆ ಇದ್ದರೆ ಖಾಲಿ ಪಠ್ಯ. ಮೈಎಸ್‌ಕ್ಯೂಎಲ್‌ಗೆ ಹಿಂಗೆರೆ ಹಾಕಿ ದೊಡ್ಡಕ್ಷರದ ಎನ್ ಬರೆದರೆ ನಲ್. ಒರಾಕಲ್‌ನಲ್ಲಿ ಖಾಲಿ ಪಠ್ಯವೇ ನಲ್, ಎರಡಕ್ಕೂ ವ್ಯತ್ಯಾಸವೇ ಇಲ್ಲ.

ಪೈಥಾನ್‌ನ ಪಾಂಡಾಸ್ ಲೈಬ್ರರಿ ಇನ್ನೊಂದು ಹೆಜ್ಜೆ ಮುಂದೆ. ‘ಎನ್‌ಎ’ ಅನ್ನುವ ಎರಡಕ್ಷರ ಕಂಡರೆ ಮಾಹಿತಿ ಇಲ್ಲ ಅಂತ ತಾನೇ ತೀರ್ಮಾನಿಸುತ್ತದೆ. ನಮೀಬಿಯಾ ದೇಶದ ಕೋಡ್ ಅದೇ! ಪೂರ್ಣಾಂಕದ ಕಾಲಂನಲ್ಲಿ ಒಂದೇ ಒಂದು ಜಾಗ ಖಾಲಿ ಇದ್ದರೂ ಇಡೀ ಕಾಲಂ ದಶಮಾಂಶ ಆಗಿ 42 ಅನ್ನುವುದು 42.0 ಆಗುತ್ತದೆ. ಓದುವಾಗಲೇ ಎಲ್ಲಾ ಪಠ್ಯ ಅಂತ ಹೇಳಿ, ಅದರ ಊಹೆಯನ್ನು ಆಫ್ ಮಾಡಿ.

ಸಾಲು_ಕಾಲಂ

ಡಕ್‌ಡಿಬಿ ಅನ್ನುವ ಡೇಟಾಬೇಸ್‌ನಲ್ಲೂ ‘ಆಲ್ ವಾರ್‌ಚಾರ್’ ಅನ್ನುವ ಆಯ್ಕೆ ಇದೆ, ಸಿಎಸ್‌ವಿ ಪೂರ್ತಿ ಪಠ್ಯವಾಗಿ ಬರುತ್ತದೆ. ದೊಡ್ಡ ಫೈಲಿಗೂ ಚುರುಕು.

ಅಕ್ಷರ_ಅನಿತಾ

ಕನ್ನಡದಲ್ಲಿ ಬರೆದ ಬಿಡಿಭಾಗದ ಹೆಸರುಗಳಿವೆಯಾ? ಇದ್ದರೆ ಇದು ಓದಿ.

‘ಬೇರಿಂಗ್’ ಅನ್ನುವ ಪದ ಯೂನಿಕೋಡ್‌ನಲ್ಲಿ ಏಳು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 21. ಒರಾಕಲ್‌ನ ವಾರ್‌ಚಾರ್2 (ಪಠ್ಯದ ಕಾಲಂ ಟೈಪ್) ಸಾಮಾನ್ಯವಾಗಿ ಬೈಟ್ ಲೆಕ್ಕ ಹಿಡಿಯುತ್ತದೆ. ಹಾಗಾಗಿ 20 ಅಂತ ಇಟ್ಟ ಕಾಲಂನಲ್ಲಿ ಈ ಪದ ಹಿಡಿಯಲ್ಲ. ಪೋಸ್ಟ್‌ಗ್ರೆಸ್ ಎಣಿಸುವುದು ಸಂಕೇತಗಳನ್ನು, ಅಲ್ಲಿ ಏಳು ಸಾಕು.

ಇನ್ನೊಂದು ತೊಂದರೆ ಕಣ್ಣಿಗೇ ಕಾಣಲ್ಲ. ‘ಬೇ’ಯಲ್ಲಿರುವ ಏ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಅಂತ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಜಾಯಿನ್ ಮಾಡಿದರೆ ಹೊಂದಲ್ಲ. ಒಂದು ಫೈಲಿನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಇದ್ದರೆ ಒಂದೇ ಬೇರಿಂಗ್ ಎರಡು ಸಾಲಾಗಿ ಕೂರುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ‘ನಾರ್ಮಲೈಸ್’ ಫಂಕ್ಷನ್ ಇದೆ. ಸ್ಟೇಜಿಂಗ್ ದಾಟುವಾಗ ಎಲ್ಲಾ ಪಠ್ಯವನ್ನೂ ಎನ್‌ಎಫ್‌ಸಿ (ಒಂದೇ ಸಂಕೇತವಾಗಿ ಕೂಡಿಸಿದ) ರೂಪಕ್ಕೆ ತಂದುಬಿಡಿ.

ಹೋಲಿಸುವಾಗ ಮೊದಲ ಕಾಲಂನ ಹೆಸರು ಮಾತ್ರ ಸಿಗುತ್ತಿಲ್ಲ ಅನ್ನುವ ದೂರು ಬಂದರೆ ಫೈಲಿನ ತಲೆಯಲ್ಲಿ ಬಾಮ್ ಅನ್ನುವ, ಕಣ್ಣಿಗೆ ಕಾಣದ ಗುರುತು ಇದೆ ಅಂತ ಅರ್ಥ. ಇಎಫ್, ಬಿಬಿ, ಬಿಎಫ್ ಅನ್ನುವ ಮೂರು ಬೈಟ್.

ಟ್ಯಾಗ್_ತಿಮ್ಮಪ್ಪ

ಎಕ್ಸ್‌ಎಂಎಲ್ ಬಗ್ಗೆ ಎರಡು ಮಾತು. ಬೆಲೆಪಟ್ಟಿಯ ಮೊದಲ ಸಾಲಿನಲ್ಲಿ ‘ಎಕ್ಸ್‌ಎಂಎಲ್‌ಎನ್‌ಎಸ್’ (ಟ್ಯಾಗ್‌ಗಳ ನೇಮ್‌ಸ್ಪೇಸ್ ಹೇಳುವ ಗುರುತು) ಇದ್ದರೆ, ಟ್ಯಾಗ್ ಹುಡುಕುವ ಎಕ್ಸ್‌ಪಾಥ್‌ನಲ್ಲಿ ಸುಮ್ನೆ ಟ್ಯಾಗ್ ಹೆಸರು ಕೊಟ್ಟರೆ ಏನೂ ಸಿಗಲ್ಲ. ಎರರ್ ಕೂಡ ಬರಲ್ಲ, ಖಾಲಿ ಫಲಿತಾಂಶ. ಆ ನೇಮ್‌ಸ್ಪೇಸ್‌ಗೆ ಒಂದು ಪೂರ್ವಪದ ಕಟ್ಟಿ ಕೇಳಬೇಕು. ಒಂದೇ ಭಾಗಕ್ಕೆ ಪ್ರಮಾಣದ ಮೇಲೆ ಹಲವು ಬೆಲೆ ಇರುತ್ತವೆ. ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಬರುವ ಮ್ಯಾಪಿಂಗ್ ಬಹಳ ನೋಡಿದ್ದೇನೆ.

ಬೆಲೆಯ ಕಾಲಂ ನ್ಯೂಮರಿಕ್ (ನಿಖರ ಸಂಖ್ಯೆ) ಇರಲಿ, ಫ್ಲೋಟ್ (ಅಂದಾಜು ದಶಮಾಂಶ) ಬೇಡ. ಪೂರೈಕೆದಾರರು ಮುಂದೆ ಎಕ್ಸ್‌ಎಂಎಲ್ ಬಿಟ್ಟು ಜೇಸನ್ ಫೈಲಿಗೆ ಬಂದರೆ ಉದ್ದದ ಗುರುತುಸಂಖ್ಯೆಗಳನ್ನು ಉದ್ಧರಣ ಚಿಹ್ನೆಯೊಳಗೆ ಕಳಿಸಲು ಹೇಳಿ. ಜಾವಾಸ್ಕ್ರಿಪ್ಟ್ 9007199254740993 ಓದಿದರೆ ಕೊನೆಗೆ 2 ಆಗುತ್ತದೆ.

ಬಿಡಿಭಾಗ_ಲೆಕ್ಕ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಡಿಬಿಎಫ್ ಅನ್ನು ನೇರ ಸ್ಟೇಜಿಂಗ್‌ಗೆ ತಂದೆವು. ಹಳೇ_ಫಾಕ್ಸ್ ಸರ್ ಹೇಳಿದ್ದೇ ನಿಜ, ಅಳಿಸಿದ ಸಾಲುಗಳು ರಾಶಿ ಇದ್ದವು. ತೆಗೆದ ಮೇಲೆ ಡಿಬಿಎಫ್ ಒಟ್ಟು ವರದಿಗೆ ಸರಿಯಾಗಿ ಕೂತಿತು. ತಾರೀಖೂ ಸರಿ, ಸೊನ್ನೆಗಳೂ ವಾಪಸ್.

ಈಗ ಎಕ್ಸೆಲ್ ಶೀಟುಗಳ ಜೊತೆ ತಾಳೆ ನೋಡಿದರೆ ಕೆಲವು ಭಾಗಗಳ ಲೆಕ್ಕ ಹೊಂದುತ್ತಿಲ್ಲ. ವಿಚಿತ್ರ ಏನೆಂದರೆ ವ್ಯತ್ಯಾಸ ಎಲ್ಲಾ ಕಡೆ ಹತ್ತು ಪಟ್ಟು, ಇಲ್ಲಾ ನೂರು ಪಟ್ಟು.

ಶಾರದಾ_ಸ್ಕೀಮಾ

ಒಬ್ಬರು ಡಬ್ಬ ಎಣಿಸಿದ್ದಾರೆ, ಇನ್ನೊಬ್ಬರು ಬಿಡಿ. ಮಾನದ ಕಾಲಂ ಇಲ್ಲದ ಶೀಟ್ ಇರಬೇಕು, ಹುಡುಕಿ. ಅದನ್ನು ಗುಣಿಸಿ ಸರಿ ಮಾಡುವ ಮೊದಲು ಶೀಟ್ ಇಟ್ಟವರ ಬಾಯಿಂದಲೇ ಕೇಳಿ. ಡಬ್ಬದಲ್ಲಿ ಎಷ್ಟು ಅನ್ನುವುದು ಭಾಗಕ್ಕೊಂದು ಥರ, ಪೂರೈಕೆದಾರರಿಗೊಂದು ಥರ.

ಬಿಡಿಭಾಗ_ಲೆಕ್ಕ

ಕೇಳಿದೆ ಮೇಡಂ, ನೀವು ಹೇಳಿದ್ದೇ. ನಟ್, ಬೋಲ್ಟ್ ಎಲ್ಲಾ ಡಬ್ಬದ ಲೆಕ್ಕ. ಅವರ ಶೀಟಿನಲ್ಲಿ ಮಾನ ಬರೆದೇ ಇಲ್ಲ, ಅವರಿಗೆ ಬಾಯಲ್ಲಿ ಗೊತ್ತು.

ತಾಳೆ_ತಜ್ಞ

ಒಟ್ಟು ಕೂತಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಒಂದು ಜಾಸ್ತಿ, ಇನ್ನೊಂದು ಕಡಿಮೆ ಆಗಿ ಒಟ್ಟು ಸರಿ ಕಾಣಬಹುದು. ಪ್ರತಿ ಕಾಲಂಗೆ ನಲ್ ಎಷ್ಟು, ಬೇರೆ ಬೇರೆ ಮೌಲ್ಯ ಎಷ್ಟು, ಕನಿಷ್ಠ, ಗರಿಷ್ಠ ಇಷ್ಟನ್ನು ಎರಡೂ ಕಡೆ ತೆಗೆದು ಹೋಲಿಸಿ. ಪಠ್ಯದ ಕಾಲಂಗೆ ಗರಿಷ್ಠ ಉದ್ದ ನೋಡಿ. ಅದು ಸರಿಯಾಗಿ 10, 20, 50ಕ್ಕೆ ನಿಂತಿದ್ದರೆ ಎಲ್ಲೋ ಕತ್ತರಿಸಿರಬಹುದು. ಮೂಲದ ಸಾಲು = ಗುರಿಯ ಸಾಲು + ಪಕ್ಕಕ್ಕಿಟ್ಟ ಸಾಲು + ಬೇಕೆಂದೇ ಬಿಟ್ಟ ಸಾಲು. ಪ್ರತಿ ಓಟದಲ್ಲೂ ಈ ಸಮೀಕರಣ ಕೂಡಬೇಕು.

ಬಿಡಿಭಾಗ_ಲೆಕ್ಕ

ಮಾಡುತ್ತೇನೆ. ಕೊನೆಯ ಪ್ರಶ್ನೆ. ಮೂರೂ ಮೂಲದಲ್ಲಿ ಒಂದೇ ಭಾಗಕ್ಕೆ ಬೇರೆ ಬೇರೆ ಕೋಡ್ ಇದೆ. ಉದಾಹರಣೆಗೆ ಒಂದು ಬೇರಿಂಗ್: ಒಂದರಲ್ಲಿ 6204-ಜೆಡ್‌ಜೆಡ್, ಇನ್ನೊಂದರಲ್ಲಿ ಅದೇ ಅಡ್ಡಗೆರೆ ಇಲ್ಲದೆ, ಮತ್ತೊಂದರಲ್ಲಿ ನಡುವೆ ಜಾಗ ಬಿಟ್ಟು. ಡೇಟಾ ಒಪ್ಪ ಮಾಡುವ ಓಪನ್‌ರಿಫೈನ್ ಟೂಲ್‌ನ ಕ್ಲಸ್ಟರಿಂಗ್ (ಹೋಲುವವನ್ನು ಗುಂಪು ಮಾಡುವುದು) ಇದಕ್ಕೆ ಆಗುತ್ತದಾ? ಹಳೇ ಕೋಡ್‌ಗಳನ್ನು ಎಲ್ಲಿಡಲಿ?

ಗಿಟ್_ಗಿರೀಶ

ಹಳೇ ಕೋಡ್ ಎಸೆಯಬೇಡಿ. ಒಂದು ಕೊಂಡಿ ಟೇಬಲ್ ಮಾಡಿ: ಮೂಲದ ಹೆಸರು, ಹಳೇ ಕೋಡ್, ಹೊಸ ಗುರುತು. ಮೊದಲ ಎರಡು ಸೇರಿ ಯೂನಿಕ್. ಹಳೇ ಬಿಲ್ ಹಿಡಿದುಕೊಂಡು ಯಾರಾದರೂ ಬಂದರೆ ಇದರಿಂದಲೇ ಹುಡುಕುವುದು. ಡಿಬಿಎಫ್‌ನಲ್ಲಿ ಅಳಿಸಿದ ಭಾಗದ ಕೋಡನ್ನೇ ಹೊಸ ಭಾಗಕ್ಕೆ ಕೊಟ್ಟಿದ್ದಾರಾ ಅಂತಲೂ ನೋಡಿ. ಕೊಟ್ಟಿದ್ದರೆ ಯಾವಾಗಿನಿಂದ ಯಾವಾಗಿನವರೆಗೆ ಅನ್ನುವ ಎರಡು ತಾರೀಖನ್ನೂ ಕೊಂಡಿಗೆ ಸೇರಿಸಿ, ಯೂನಿಕ್ ಲೆಕ್ಕಕ್ಕೆ ಶುರುವಿನ ತಾರೀಖನ್ನೂ ಹಿಡಿಯಿರಿ.

ಶೀಟ್_ಸುರೇಶ

ಓಪನ್‌ರಿಫೈನ್ ಬಗ್ಗೆ ನಾನು ಹೇಳುತ್ತೇನೆ. ಅದರ ಫಿಂಗರ್‌ಪ್ರಿಂಟ್ ವಿಧಾನ ಎಲ್ಲವನ್ನೂ ಸಣ್ಣಕ್ಷರ ಮಾಡಿ, ಚಿಹ್ನೆ ತೆಗೆದು, ಪದಗಳನ್ನು ಕ್ರಮಕ್ಕೆ ಜೋಡಿಸಿ ಹೋಲಿಸುತ್ತದೆ. ಅಡ್ಡಗೆರೆ ಇದ್ದದ್ದು, ಇಲ್ಲದ್ದು ಎರಡೂ ಒಂದೇ ಗುಂಪಿಗೆ ಬರುತ್ತವೆ. ಜಾಗ ಬಿಟ್ಟದ್ದು ಬೇರೆ ಉಳಿಯುತ್ತದೆ, ಅದಕ್ಕೆ ಮೊದಲೇ ಜಾಗ ತೆಗೆಯಿರಿ.

ಲೆವೆನ್‌ಸ್ಟೈನ್ ಥರದ ‘ಹತ್ತಿರದ ಪದ’ ವಿಧಾನವನ್ನು ಮಾತ್ರ ಭಾಗದ ಕೋಡ್ ಮೇಲೆ ಬಳಸಲೇಬೇಡಿ. 6204ಕ್ಕೂ 6205ಕ್ಕೂ ಒಂದೇ ಅಂಕಿ ವ್ಯತ್ಯಾಸ. ಮೊದಲನೆಯದರ ಒಳ ವ್ಯಾಸ 20 ಮಿಲಿಮೀಟರ್, ಎರಡನೆಯದರದ್ದು 25. ಜೆಡ್‌ಜೆಡ್ ಅಂದರೆ ಎರಡೂ ಬದಿ ಲೋಹದ ಮುಚ್ಚಳ, 2ಆರ್‌ಎಸ್ ಅಂದರೆ ಎರಡೂ ಬದಿ ರಬ್ಬರ್ ಸೀಲ್. ಟೂಲ್ ಒಂದೇ ಅಂದರೂ ಯಂತ್ರಕ್ಕೆ ಹಾಕುವವರಿಗೆ ಒಂದೇ ಅಲ್ಲ.

ಬಿಡಿಭಾಗ_ಲೆಕ್ಕ

ನಮ್ಮ ಪಟ್ಟಿಯಲ್ಲಿ ಒಂದೇ ಜೆಡ್ ಇರುವ 6204 ಕೂಡ ಇದೆ. ಅದು ಬೆರಳು ತಪ್ಪಿ ಬಂದದ್ದಾ?

ಶೀಟ್_ಸುರೇಶ

ಇರಬಹುದು, ಇಲ್ಲದೆಯೂ ಇರಬಹುದು. ಒಂದು ಜೆಡ್ ಅಂದರೆ ಒಂದೇ ಬದಿ ಮುಚ್ಚಳ, ಅಂಥದ್ದೂ ಇದೆ. ಆ ಸಾಲನ್ನು ಪಕ್ಕಕ್ಕಿಟ್ಟು, ಕಪಾಟಿನಲ್ಲಿರುವ ಬೇರಿಂಗ್ ತೆಗೆದು ಎರಡೂ ಬದಿ ನೋಡಲು ಹೇಳಿ.